ನಿನ್ನೆ ಹೀಗಿರಲಿಲ್ಲ

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ಒಂದು ದಾಸವಾಳದ ಬೇಲಿ. ಎದೆಮಟ್ಟದ ಎತ್ತರ. ದನ ದಾಟುವುದಿಲ್ಲ, ಮಾತು ದಾಟುತ್ತದೆ. ಬೆಳಿಗ್ಗೆ ನಾನು ಈಚೆ ನಿಂತು ಹೂ ಕೊಯ್ಯುವ ಹೊತ್ತಿಗೆ ಸರಿಯಾಗಿ ಆಚೆ ಮನೆಯ ಬ್ಯಾಂಕಿನ ಹುಡುಗಿ ಕಾರು ಸ್ಟಾರ್ಟ್ ಮಾಡುತ್ತಾಳೆ. ತೀರ್ಥಹಳ್ಳಿಯಲ್ಲಿ ಆ ಹೊತ್ತಿಗೆ ಸದ್ದು ಕಡಿಮೆ. ಯಾರದೋ ಮನೆಯ ಮಿಕ್ಸಿ, ಹಾಲಿನವನ ಬೈಕು, ಅವಳ ಕಾರು, ಅಷ್ಟೆ. ಎರಡು ವರ್ಷದಿಂದ ಕೇಳುತ್ತಾ ಬಂದಿದ್ದರಿಂದ ಆ ಕಾರಿನ ಸದ್ದು ನನಗೆ ನಮ್ಮನೆ ಬಾವಿಯ ರಾಟೆಯ ಸದ್ದಿನಷ್ಟೇ ಪರಿಚಯ. ಹೋದ ತಿಂಗಳು ಒಂದು ದಿನ ಅದು ಬದಲಾಯಿತು. ಒಂದೇ ಸಮನೆ ಗುನುಗುತ್ತಿದ್ದದ್ದು ಎರಡು ಹೆಜ್ಜೆ ನೆಟ್ಟಗೆ ಇಟ್ಟು ಮೂರನೆಯದಕ್ಕೆ ತಡವರಿಸಿತು.

"ಏನೇ, ನಿನ್ನ ಗಾಡಿ ಕುಂಟ್ತಾ ಇದೆಯಲ್ಲ?" ಅಂದೆ.

"ಹೌದಾ ಮೇಷ್ಟ್ರೇ? ನಂಗೂ ಹಂಗೇ ಅನ್ಸ್ತು. ನಿಂತಾಗ ಸ್ಟೇರಿಂಗ್ ನಡುಗುತ್ತೆ. ಹಳದಿ ಲೈಟು ಬೇರೆ ಬಂದಿದೆ. ಗ್ಯಾರೇಜಿಗೆ ಫೋನ್ ಮಾಡಿ ಕೇಳ್ದೆ. ಫುಲ್ ಟ್ಯೂನಿಂಗ್ ಮಾಡ್ಬೇಕು, ಏಳು ಸಾವಿರ ಆಗುತ್ತೆ ಅಂದ್ರು."

"ಗಾಡಿ ನೋಡದೇನೇ?"

"ಫೋನಲ್ಲೇ ಹೇಳಿದ್ರು."

"ಭಾನುವಾರ ಬಾನೆಟ್ ತೆಗೆ ಮಾರಾಯ್ತಿ. ಮೊದ್ಲು ನಾವೇ ಒಂದ್ಸಲ ನೋಡೋಣ."

ಆ ಭಾನುವಾರಕ್ಕೆ ಆಮೇಲೆ ಬರುತ್ತೇನೆ. ಅದಕ್ಕೂ ಮೊದಲು, ಮೂವತ್ತು ವರ್ಷ ಮೇಷ್ಟ್ರ ಕೆಲಸ ಮಾಡಿದ ನನಗೆ ಈ ಸ್ಪ್ಯಾನರಿನ ವಿದ್ಯೆ ಹೇಗೆ ಅಂಟಿತು ಅಂತ ಹೇಳಬೇಕು. ಅದನ್ನು ಕಲಿಸಿದವನು ಒಬ್ಬ ಜೀಪಿನ ಡ್ರೈವರು. ಕಲಿಸಿದ ಜಾಗ ಆಗುಂಬೆ.

1994ರಲ್ಲಿ ಸೆಕೆಂಡ್ ಹ್ಯಾಂಡ್ ಮಾರುತಿ 800 ಕೊಂಡಿದ್ದೆ. ಆಗಿನ ಕಾಲಕ್ಕೆ ಅದು ಸಣ್ಣ ಸಂಗತಿಯಲ್ಲ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಗಾಡಿಯ ಕೀಲಿ ಕೊಟ್ಟ ಮೇಲೆ, ನಮ್ಮಂಥ ಸಂಬಳದವರೂ ಕಾರಿನ ಕನಸು ಕಾಣಬಹುದು ಅಂತ ಧೈರ್ಯ ಬಂದದ್ದೇ ಆ ಗಾಡಿಯಿಂದ. 796 ಸಿಸಿ, ಮೂರು ಸಿಲಿಂಡರು, ಮುಂದೆ ಅಡ್ಡಡ್ಡ ಕೂತ ಪುಟ್ಟ ಎಂಜಿನ್ನು. ಕೊಂಡ ವರ್ಷವೇ, ಪುನರ್ವಸು ಮಳೆ ಹಿಡಿದುಕೊಂಡಿದ್ದಾಗ, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಉಡುಪಿಗೆ ಹೊರಟೆ. ಆಗುಂಬೆ ಪೇಟೆ ತಲುಪುವಾಗ ಗಾಡಿ ಜರ್ಕ್ ಹೊಡೆಯಲು ಶುರುಮಾಡಿ, ಹೋಟೆಲಿನೆದುರು ನಿಂತೇ ಹೋಯಿತು. ಮುಂದೆ 14 ಹೇರ್‌ಪಿನ್ ತಿರುವಿನ ಘಾಟಿ. ಮಳೆ ಅಂದರೆ ಆಗುಂಬೆ ಮಳೆ. ನಾಲ್ಕು ಮಾರು ಆಚೆ ನಿಂತವರ ಮುಖ ಕಾಣುತ್ತಿರಲಿಲ್ಲ.

ಚಾ ಕುಡಿಯುತ್ತಿದ್ದ ಜೀಪಿನ ಡ್ರೈವರು ಲೋಟ ಇಟ್ಟು ಬಂದ. ಬಾನೆಟ್ ಎತ್ತಿಸಿದ. ಎಂಜಿನ್ನಿನ ಒಂದು ತುದಿಯಲ್ಲಿ ಕರೀ ಬಟ್ಟಲಿನಂಥ ಒಂದು ವಸ್ತು, ಅದರಿಂದ ಹೊರಟ ನಾಲ್ಕು ದಪ್ಪ ವೈರು. ಅದರ ಮೇಲೆ ಇರಬೇಕಾಗಿದ್ದ ರಬ್ಬರ್ ಹೊದಿಕೆ ಹರಿದು ಎಂದೋ ಹೋಗಿತ್ತು, ನಾನು ಹಾಕಿಸಿರಲಿಲ್ಲ. ಎರಡು ಕ್ಲಿಪ್ ತಳ್ಳಿ ಬಟ್ಟಲು ಬಿಚ್ಚಿ ನನಗೆ ತೋರಿಸಿದ. ಒಳಗೋಡೆಯ ಮೇಲೆ ಇಬ್ಬನಿ ಕೂತ ಹಾಗೆ ನೀರಿನ ಸಣ್ಣ ಸಣ್ಣ ಹನಿ.

"ನೀರು ಕುಡಿದಿದೆ ಸಾರ್. ಕರೆಂಟು ಪ್ಲಗ್ಗಿಗೆ ಹೋಗ್ದೆ ಇಲ್ಲೇ ಹರಿದು ಹೋಗ್ತದೆ," ಅಂದ. ಹೆಗಲ ಮೇಲಿನ ಟವೆಲ್ಲಿನ ಒಣ ತುದಿಯಿಂದ ಒರೆಸಿ, ಹೋಟೆಲಿನ ಒಲೆಯ ಬಳಿ ಒಂದೈದು ನಿಮಿಷ ಹಿಡಿದು ಬೆಚ್ಚಗೆ ಮಾಡಿ ತಂದು ಕೂರಿಸಿದ. ಒಂದೇ ಸೆಲ್ಫಿಗೆ ಗಾಡಿ ಎದ್ದಿತು. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. "ಚಾದ ದುಡ್ಡು ಕೊಡಿ, ಸಾಕು" ಅಂದ.

ಘಾಟಿ ಇಳಿಯುವಷ್ಟು ಹೊತ್ತೂ ನನ್ನ ತಲೆಯಲ್ಲಿ ಒಂದೇ ಯೋಚನೆ. ಇಂಡಕ್ಷನ್ ಕಾಯಿಲ್ ಪಾಠವನ್ನು ವರ್ಷ ವರ್ಷವೂ ಹತ್ತನೇ ತರಗತಿಗೆ ಮಾಡುತ್ತಿದ್ದೆ. ಬೋರ್ಡಿನ ಮೇಲೆ ಚಿತ್ರ ಬರೆಯುತ್ತಿದ್ದೆ. ಅದೇ ಕಾಯಿಲ್ಲು ನನ್ನ ಗಾಡಿಯೊಳಗೆ ಕೂತು ದಿನಾ ಕೆಲಸ ಮಾಡುತ್ತಿದೆ ಅಂತ ಒಂದು ದಿನವೂ ಬಾನೆಟ್ ಎತ್ತಿ ನೋಡಿರಲಿಲ್ಲ. ಉಡುಪಿಯಿಂದ ವಾಪಸ್ ಬಂದ ಮೇಲೆ ಮೊದಲು ಮಾಡಿದ ಕೆಲಸ ಆ ರಬ್ಬರ್ ಹೊದಿಕೆ ಹಾಕಿಸಿದ್ದು. ಎರಡನೆಯದು, ಮುಂದಿನ ಸಲ ಬೆಂಗಳೂರಿಗೆ ಹೋದಾಗ ಜೆ.ಸಿ. ರೋಡಿನ ಬಿಡಿಭಾಗದ ಅಂಗಡಿ ಸಾಲಿನಲ್ಲಿ ಒಂದು ಪ್ಲಗ್ ಸ್ಪ್ಯಾನರು, ಒಂದು ಫೀಲರ್ ಗೇಜು ಕೊಂಡದ್ದು. ಫೀಲರ್ ಗೇಜು ಅಂದರೆ ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುವ ತೆಳ್ಳನೆಯ ಉಕ್ಕಿನ ಪಟ್ಟಿಗಳ ಕಟ್ಟು. ಒಂದೊಂದು ಪಟ್ಟಿಯ ಮೇಲೂ ಅದರ ದಪ್ಪ ಕೊರೆದಿರುತ್ತಾರೆ. ಅದು ಈಗಲೂ ನನ್ನ ಹತ್ತಿರ ಇದೆ, ಒಂದು ಪಟ್ಟಿಗೂ ತುಕ್ಕು ಹಿಡಿದಿಲ್ಲ.

ಆ ಕಾಲದ ಟ್ಯೂನಿಂಗ್ ಅಂದರೆ ಏನು ಅಂತ ಈಗಿನವರಿಗೆ ಸ್ವಲ್ಪ ಹೇಳಬೇಕು. ಬ್ಯಾಟರಿಯಲ್ಲಿರುವುದು 12 ವೋಲ್ಟು. ಪ್ಲಗ್ಗಿನ ತುದಿಯ ಸಂದಿನಲ್ಲಿ ಕಿಡಿ ಹಾರಬೇಕಾದರೆ ಸಾವಿರ ಸಾವಿರ ವೋಲ್ಟು ಬೇಕು. ಈ ಎರಡರ ನಡುವೆ ಕಾಯಿಲ್ಲು ಇದೆ, ಪಾಯಿಂಟ್ ಇದೆ. ಪಾಯಿಂಟ್ ಎಂದರೆ ಎದುರುಬದುರಾಗಿ ಕೂತ ಎರಡು ಲೋಹದ ಬೊಟ್ಟು. ಅವು ಕೂಡಿದ್ದಾಗ ಕಾಯಿಲ್ಲಿನಲ್ಲಿ ಕರೆಂಟು ಹರಿಯುತ್ತದೆ. ಥಟ್ಟನೆ ಬೇರೆಯಾದ ಕ್ಷಣದಲ್ಲಿ ಕಾಯಿಲ್ಲಿನ ಇನ್ನೊಂದು ಸುತ್ತಿನಲ್ಲಿ ಭಾರಿ ವೋಲ್ಟು ಹುಟ್ಟಿ ಪ್ಲಗ್ಗಿಗೆ ಓಡುತ್ತದೆ. ಲೆಕ್ಕ ಹಾಕಿ ನೋಡಿ: ಎಂಜಿನ್ನು ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಒಂದೊಂದು ಸಿಲಿಂಡರಿಗೆ 1,500 ಕಿಡಿ ಬೇಕು. ಮೂರಕ್ಕೂ ಸೇರಿ 4,500. ಅಂದರೆ ಸೆಕೆಂಡಿಗೆ 75 ಸಲ ಆ ಎರಡು ಬೊಟ್ಟು ಕೂಡಬೇಕು, ಬಿಡಬೇಕು. ಶಿವಮೊಗ್ಗಕ್ಕೆ ಹೋಗಿ ಬರುವಷ್ಟರಲ್ಲಿ ಲಕ್ಷಗಟ್ಟಲೆ ಸಲ ಕೂಡಿ ಬಿಟ್ಟ ಬೊಟ್ಟು ಸವೆಯದೆ, ಸುಡದೆ ಇರುತ್ತದೆಯೇ? ಅದಕ್ಕೇ ಕೆಲವು ಸಾವಿರ ಕಿಲೋಮೀಟರಿಗೊಮ್ಮೆ ಟ್ಯೂನಿಂಗ್ ಬೇಕಾಗುತ್ತಿತ್ತು.

ಇದಕ್ಕೊಂದು ಕ್ರಮ ಇದೆ. ಮೊದಲು ಪಾಯಿಂಟಿನ ಸಂದು, ಆಮೇಲೆ ಟೈಮಿಂಗು, ಕೊನೆಗೆ ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬುರೇಟರು. ತಿರುವು ಮುರುವು ಮಾಡಿದರೆ ಕೆಲಸ ಕೆಟ್ಟಿತು. ಯಾಕೆಂದರೆ ಪಾಯಿಂಟಿನ ಸಂದು ಬದಲಾದರೆ ಕಿಡಿ ಹಾರುವ ಗಳಿಗೆಯೇ ಬದಲಾಗುತ್ತದೆ. ಕಿಡಿಯ ಗಳಿಗೆ ಬದಲಾದರೆ ಐಡ್ಲಿಂಗು ಏರುಪೇರಾಗುತ್ತದೆ. ಕಾರ್ಬುರೇಟರನ್ನು ಮೊದಲೇ ತಿರುಗಿಸಿ ಕೂತವನು ಪಾಯಿಂಟಿನ ತಪ್ಪನ್ನು ಪೆಟ್ರೋಲು ಸುರಿದು ಮುಚ್ಚುತ್ತಾನೆ. ಗಾಡಿ ಓಡುತ್ತದೆ, ಟ್ಯಾಂಕು ಬೇಗ ಬರಿದಾಗುತ್ತದೆ.

ಪಾಯಿಂಟು ಸೆಟ್ ಮಾಡುವುದನ್ನು ಕೈಯಿಂದಲೇ ಕಲಿಯಬೇಕು. ಎಂಜಿನ್ನನ್ನು ಮೆಲ್ಲಗೆ ತಿರುಗಿಸಿ, ಬೊಟ್ಟುಗಳು ಪೂರಾ ತೆರೆದುಕೊಂಡ ಕಡೆ ನಿಲ್ಲಿಸುತ್ತೇವೆ. 0.45 ಮಿಲಿಮೀಟರಿನ ಪಟ್ಟಿಯನ್ನು ಸಂದಿನಲ್ಲಿ ತೂರಿಸುತ್ತೇವೆ. ಸಡಿಲವಾಗಿ ಜಾರಬಾರದು, ಹಿಡಿದುಕೊಳ್ಳಲೂಬಾರದು. ಹೊಸ ಪುಸ್ತಕದ ಅಂಟಿಕೊಂಡ ಎರಡು ಹಾಳೆಗಳ ನಡುವೆ ಬೆರಳು ಸರಿಸಿದಾಗ ಒಂದು ಸಣ್ಣ ಅಡ್ಡಿ ಇರುತ್ತದಲ್ಲ, ಅಷ್ಟೇ ಅಡ್ಡಿ. ಸ್ಕ್ರೂ ಬಿಗಿದ ಮೇಲೆ ಇನ್ನೊಮ್ಮೆ ಅಳೆಯಬೇಕು, ಬಿಗಿಯುವಾಗ ಸಂದು ಸ್ವಲ್ಪ ಸರಿದೇ ಸರಿದಿರುತ್ತದೆ. ಮೊದಲ ಸಲ ನನಗೆ ಒಂದು ಇಡೀ ಮಧ್ಯಾಹ್ನ ಹಿಡಿಯಿತು. ನಾಲ್ಕನೇ ಸಲಕ್ಕೆ ಅರ್ಧ ಗಂಟೆ.

ಪ್ಲಗ್ಗಿನದೇ ಒಂದು ಬೇರೆ ಸುಖ. ಆಗ ಅಂಗಡಿಯಲ್ಲಿ ಕೇಳುತ್ತಿದ್ದುದೇ "ಮೈಕೋ ಪ್ಲಗ್ ಕೊಡಿ" ಅಂತ. 1951ರಲ್ಲಿ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಬೆಂಗಳೂರಿನ ಆಡುಗೋಡಿಯ ಕಾರ್ಖಾನೆ. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದಾಯಿತು. ಬೆಂಗಳೂರಿನವರ ಬಾಯಲ್ಲಿ ಮೈಕೋ ಲೇಔಟ್ ಮಾತ್ರ ಹಾಗೇ ಉಳಿದುಕೊಂಡಿದೆ. ಎಂಜಿನ್ನು ತಣ್ಣಗಿರುವಾಗ ಮೂರೂ ಪ್ಲಗ್ ಬಿಚ್ಚಿ, ಹಳೇ ಪೇಪರಿನ ಮೇಲೆ ಯಾವುದು ಎಷ್ಟನೇ ಸಿಲಿಂಡರಿನದು ಅಂತ ಬರೆದು ಸಾಲಾಗಿ ಇಡುತ್ತೇನೆ. ಮಕ್ಕಳ ಉತ್ತರ ಪತ್ರಿಕೆ ಓದುವ ಹಾಗೆ ಅವನ್ನು ಓದಬಹುದು. ತುದಿಯಲ್ಲಿ ಬಿಸ್ಕತ್ತಿನ ತೆಳು ಕಂದು ಬಣ್ಣ ಇದ್ದರೆ ಆ ಸಿಲಿಂಡರು ಸುಖವಾಗಿದೆ. ಒಣ ಮಸಿ ಕಪ್ಪಗೆ ಕೂತಿದ್ದರೆ ಪೆಟ್ರೋಲು ಹೆಚ್ಚು ಹೋಗುತ್ತಿದೆ, ಇಲ್ಲ ಕಿಡಿ ಸಾಲುತ್ತಿಲ್ಲ. ಕಪ್ಪಗಿದ್ದು ಜಿಡ್ಡು ಜಿಡ್ಡಾಗಿದ್ದರೆ ಆಯಿಲ್ ಒಳಗೆ ಬರುತ್ತಿದೆ. ಅದು ಪ್ಲಗ್ ಬದಲಿಸಿದರೆ ಹೋಗುವ ಕಾಯಿಲೆಯಲ್ಲ, ಪಿಸ್ಟನ್ನಿನ ರಿಂಗೋ ವಾಲ್ವಿನ ಸೀಲೋ ಸವೆದಿದೆ. ಪಿಂಗಾಣಿ ಸುಣ್ಣದಂತೆ ಬೆಳ್ಳಗಾಗಿ ಅಲ್ಲಲ್ಲಿ ಗುಳ್ಳೆ ಎದ್ದಿದ್ದರೆ ಅತಿ ಬಿಸಿ, ಅದನ್ನು ಒಂದು ದಿನವೂ ಮುಂದೂಡಬಾರದು. ಇಷ್ಟು ಗೊತ್ತಿದ್ದರೆ ಸಾಕು, ಎಂಜಿನ್ನು ಬಿಚ್ಚದೆಯೇ ಅದರ ಹೊಟ್ಟೆಯೊಳಗಿನ ಸಂಗತಿ ತಿಳಿಯುತ್ತದೆ.

ಪ್ಲಗ್ ಕೂರಿಸುವಾಗ ಒಂದು ಎಚ್ಚರಿಕೆ ಇದೆ, ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಎಂಜಿನ್ನಿನ ತಲೆ ಅಲ್ಯೂಮಿನಿಯಮ್ಮಿನದು, ಪ್ಲಗ್ಗಿನ ಮರೆ ಉಕ್ಕಿನದು. ಸೊಟ್ಟಗೆ ಕೂರಿಸಿ ಸ್ಪ್ಯಾನರಿನಲ್ಲಿ ಬಲ ಹಾಕಿದರೆ ಮೆದು ಲೋಹ ಕಿತ್ತು ಬರುತ್ತದೆ, ಆಮೇಲೆ ಸಾವಿರಾರು ರೂಪಾಯಿಯ ಕೆಲಸ. ಅದಕ್ಕೆ ಒಂದು ಗೇಣುದ್ದದ ಪೆಟ್ರೋಲ್ ಪೈಪನ್ನು ಪ್ಲಗ್ಗಿನ ತಲೆಗೆ ಸಿಕ್ಕಿಸಿ, ಪೈಪನ್ನು ಬೆರಳಲ್ಲಿ ತಿರುಗಿಸುತ್ತಾ ಮೊದಲ ಸುತ್ತುಗಳನ್ನು ಹಿಡಿಸಬೇಕು. ಸೊಟ್ಟಗಾದರೆ ರಬ್ಬರು ಜಾರುತ್ತದೆಯೇ ಹೊರತು ಪ್ಲಗ್ಗು ತಿರುಗುವುದಿಲ್ಲ. ಬೆರಳಲ್ಲಿ ಪೂರ್ತಿ ಕೂತ ಮೇಲೆ ವಾಶರಿರುವ ಹೊಸ ಪ್ಲಗ್ಗಿಗೆ ಸ್ಪ್ಯಾನರಿನಲ್ಲಿ ಅರ್ಧ ಸುತ್ತಿನಷ್ಟು ಸಾಕು. ಹಳೆಯದನ್ನೇ ತಿರುಗಿ ಹಾಕುವುದಾದರೆ ಅದರ ಕಾಲು ಭಾಗವೂ ಬೇಡ. ಬಿಚ್ಚುವ ಮೊದಲು ಸೈಕಲ್ ಪಂಪಿನಿಂದ ಪ್ಲಗ್ಗಿನ ಸುತ್ತ ಗಾಳಿ ಹೊಡೆದು ಮರಳು, ಕಸ ಹಾರಿಸಿಬಿಡಬೇಕು. ತೂತಿನೊಳಗೆ ಬಿದ್ದ ಒಂದು ಕಲ್ಲಿನ ಹರಳು ಸಿಲಿಂಡರನ್ನು ಗೀರುತ್ತದೆ. ವೈರು ಕೀಳುವ ಮೊದಲು ಅವಕ್ಕೆ ಒಂದು, ಎರಡು, ಮೂರು ಅಂತ ಟೇಪು ಅಂಟಿಸಬೇಕು. ಆ ಎಂಜಿನ್ನು ಉರಿಯುವ ಸರದಿ 1-3-2. ಎರಡು ವೈರು ಅದಲು ಬದಲಾದರೂ ಗಾಡಿ ಏಳುವುದಿಲ್ಲ.

ಈಗಿನ ಗಾಡಿಗಳಲ್ಲಿ ಇದೆಲ್ಲ ಎಲ್ಲಿದೆ ಅಂತ ನೀವು ಕೇಳುತ್ತೀರಿ. ನಿಜ, ಪಾಯಿಂಟ್ ಹೋಯಿತು, ಆ ಕರೀ ಬಟ್ಟಲಿನ ಡಿಸ್ಟ್ರಿಬ್ಯೂಟರ್ ಹೋಯಿತು, ಕಾರ್ಬುರೇಟರ್ ಹೋಗಿ ಇಂಜೆಕ್ಷನ್ ಬಂತು. ಸುಮಾರು 14.7 ಕಿಲೋ ಗಾಳಿಗೆ ಒಂದು ಕಿಲೋ ಪೆಟ್ರೋಲು ಅನ್ನುವ ಪಾಕವನ್ನು ನಾವು ಸ್ಕ್ರೂ ತಿರುಗಿಸಿ, ಕಿವಿಯಲ್ಲಿ ಕೇಳಿ ಹದ ಮಾಡುತ್ತಿದ್ದೆವು. ಈಗ ಹೊಗೆ ಕೊಳವೆಯಲ್ಲಿ ಕೂತ ಆಕ್ಸಿಜನ್ ಸೆನ್ಸರು ನೋಡಿ ಹೇಳುತ್ತದೆ, ಕಂಪ್ಯೂಟರು ಕ್ಷಣಕ್ಷಣವೂ ಸರಿಮಾಡುತ್ತದೆ. ನಾವು ಮಾಡುತ್ತಿದ್ದುದಕ್ಕಿಂತ ಚೆನ್ನಾಗಿಯೇ ಮಾಡುತ್ತದೆ. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದವರು 2009ರಲ್ಲಿ ಪರೀಕ್ಷೆ ಮಾಡಿ ನೋಡಿದಾಗ, ಇಂಜೆಕ್ಷನ್ ಗಾಡಿಯಲ್ಲಿ ಏರ್ ಫಿಲ್ಟರು ಕಟ್ಟಿಕೊಂಡರೆ ಪಿಕಪ್ ಇಳಿಯುತ್ತದೆಯೇ ಹೊರತು ಮೈಲೇಜು ಹೇಳಿಕೊಳ್ಳುವಷ್ಟು ಇಳಿಯುವುದಿಲ್ಲ ಅಂತ ತಿಳಿಯಿತು. ಕಾರ್ಬುರೇಟರಿನ ಹಳೇ ಗಾಡಿಯಲ್ಲಿ ಮಾತ್ರ ಮೈಲೇಜೂ ಇಳಿಯುತ್ತದೆ. ಹಾಗಂತ ಫಿಲ್ಟರು ಬದಲಿಸದೆ ಬಿಡಬೇಕು ಅಂತಲ್ಲ. "ಫಿಲ್ಟರ್ ಹಾಕಿಸಿ, ಮೈಲೇಜ್ ಏರುತ್ತೆ" ಅಂತ ಯಾರಾದರೂ ಹೊಸ ಗಾಡಿಯವರಿಗೆ ಹೇಳಿದರೆ ಆ ಮಾತಿಗೆ ಎಷ್ಟು ಬೆಲೆ ಕೊಡಬೇಕು ಅಂತ ಗೊತ್ತಿರಬೇಕು.

ಆದರೆ ಪ್ಲಗ್ಗು ಇವತ್ತಿಗೂ ಇದೆ, ಅದು ಸವೆಯುತ್ತದೆ. ಏರ್ ಫಿಲ್ಟರು ಇದೆ, ನಾಲ್ಕು ಕ್ಲಿಪ್ ತೆಗೆದರೆ ಕೈಗೆ ಬರುತ್ತದೆ. ಎಸಿ ಫಿಲ್ಟರು ಇರುವ ಗಾಡಿಗಳಲ್ಲಿ ಅದು ಸಾಮಾನ್ಯವಾಗಿ ಗ್ಲೋವ್ ಬಾಕ್ಸಿನ ಹಿಂದೆ ಕೂತಿರುತ್ತದೆ. ಮಲೆನಾಡಿನಲ್ಲಿ ಒಂದು ಮಳೆಗಾಲ ಕಳೆದ ಮೇಲೆ ಅದನ್ನು ತೆಗೆದು ಮೂಸಿ ನೋಡಿ, ಬದಲಿಸಬೇಕೋ ಬೇಡವೋ ಅಂತ ಯಾರನ್ನೂ ಕೇಳಬೇಕಾಗಿಲ್ಲ. ಬ್ಯಾಟರಿಯ ಟರ್ಮಿನಲ್ಲಿನ ಮೇಲೆ ಹಸಿರು ಬಿಳಿ ಪುಡಿ ಬೆಳೆಯುತ್ತದೆ. ಬಿಸಿನೀರು, ಅಡುಗೆ ಸೋಡ, ಹಳೇ ಬ್ರಷ್ಷು ಸಾಕು. ಆಯಿಲ್ ಮಟ್ಟ, ಕೂಲೆಂಟ್ ಮಟ್ಟ, ಟೈರಿನ ಗಾಳಿ, ಇವು ನೋಡುವ ಕೆಲಸವೇ ಹೊರತು ರಿಪೇರಿಯೂ ಅಲ್ಲ. ಮೇಲಾಗಿ ಒಂದು ಹೊಸ ಅನುಕೂಲ ಬಂದಿದೆ. 2013ರಿಂದ ಈಚೆಗೆ ನಮ್ಮ ದೇಶದಲ್ಲಿ ತಯಾರಾದ ಕಾರುಗಳಲ್ಲಿ ಸ್ಟೇರಿಂಗಿನ ಕೆಳಗೆ ಒಂದು ಒಬಿಡಿ ಸಾಕೆಟ್ಟು ಇರುತ್ತದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಸ್ಕ್ಯಾನರನ್ನು ಅದಕ್ಕೆ ಸಿಕ್ಕಿಸಿದರೆ, ಆ ಹಳದಿ ದೀಪ ಯಾಕೆ ಬಂತು ಅಂತ ಮೊಬೈಲಿನಲ್ಲೇ ಓದಬಹುದು. ಸಾವಿರ ರೂಪಾಯಿಯ ಒಳಗೇ ಸಿಗುತ್ತದೆ.

ಈಗ ಆ ಭಾನುವಾರಕ್ಕೆ ಬರೋಣ. ಹುಡುಗಿ ಬೆಳಿಗ್ಗೆಯೇ ದಣಪೆ ತೆಗೆದು ಕಾರನ್ನು ನಮ್ಮ ಅಂಗಳಕ್ಕೆ ತಂದಳು. ಸ್ಕ್ಯಾನರು ಸಿಕ್ಕಿಸಿದೆವು. ಪಿ 0302 ಅಂತ ಬಂತು. ಎರಡನೇ ಸಿಲಿಂಡರಿನಲ್ಲಿ ಮಿಸ್‌ಫೈರ್ ಅಂತ ಅದರ ಅರ್ಥ. ನನ್ನ ಕಿವಿಗೆ ಬೇಲಿಯಾಚೆಯಿಂದ ಕೇಳಿದ ಮೂರನೇ ಹೆಜ್ಜೆಯ ತಡವರಿಕೆ ಅದೇ. ಹಾಗೆಂದ ಮಾತ್ರಕ್ಕೆ ಪ್ಲಗ್ಗೇ ಕೆಟ್ಟಿದೆ ಅಂತಲ್ಲ. ಕರೆಂಟು ಬರದೆ ಇರಬಹುದು, ಪೆಟ್ರೋಲು ಬರದೆ ಇರಬಹುದು, ವಾಲ್ವಿನ ತೊಂದರೆಯೂ ಇರಬಹುದು. ಕೋಡು ಮನೆ ಯಾವುದು ಅಂತ ಹೇಳುತ್ತದೆ, ಕಳ್ಳ ಯಾರು ಅಂತ ಹೇಳುವುದಿಲ್ಲ.

"ಎರಡನೇ ಪ್ಲಗ್ಗನ್ನ ಮೂರಕ್ಕೆ ಹಾಕು, ಮೂರನೇದನ್ನ ಎರಡಕ್ಕೆ ಹಾಕು. ಬೇರೆ ಏನನ್ನೂ ಮುಟ್ಬೇಡ," ಅಂದೆ.

ಕೈಗೆ ಮಸಿ ಆಗುತ್ತದೆ ಅಂತ ಅವಳು ಹಿಂಜರಿಯಲಿಲ್ಲ. ರಬ್ಬರ್ ಪೈಪು ತಿರುಗಿಸುವಾಗ ನಾಲಿಗೆ ಕಚ್ಚಿಕೊಂಡು, ಉಸಿರು ಬಿಗಿಹಿಡಿದು, ಸೂಜಿಗೆ ದಾರ ಪೋಣಿಸುವವಳ ಹಾಗೆ ಬಗ್ಗಿದ್ದಳು. ಕೋಡು ಅಳಿಸಿ ಒಂದು ಸುತ್ತು ಕುಶಾವತಿ ಸೇತುವೆಯ ತನಕ ಹೋಗಿ ಬಂದೆವು. ದೀಪ ತಿರುಗಿ ಬಂತು. ಈ ಸಲ ಪಿ 0303.

"ಮೇಷ್ಟ್ರೇ, ಅದು ಮೂರಕ್ಕೆ ಹೋಯ್ತು!" ಅಂತ ಅವಳು ಕೂಗಿದ ಕೂಗಿಗೆ ನನ್ನ ಹೆಂಡತಿ ಒಳಗಿಂದ ಓಡಿ ಬಂದಳು. ಪ್ಲಗ್ಗಿನ ಜೊತೆಯಲ್ಲೇ ಕಾಯಿಲೆಯೂ ಹೋಗಿತ್ತು. ಅಂದಮೇಲೆ ಕಳ್ಳ ಸಿಕ್ಕಿಬಿದ್ದ. ಬಿಚ್ಚಿ ಬೆಳಕಿಗೆ ಹಿಡಿದು ನೋಡಿದರೆ ಪಿಂಗಾಣಿಯ ಮೇಲೆ ಕೂದಲೆಳೆಯಷ್ಟು ಸಣ್ಣ ಬಿರುಕು, ಅದರುದ್ದಕ್ಕೂ ಪೆನ್ಸಿಲಿನಲ್ಲಿ ಗೀಚಿದ ಹಾಗೆ ಒಂದು ಕಪ್ಪು ಗೆರೆ. ಕಿಡಿ ತುದಿಗೆ ಹೋಗದೆ ಆ ಗೆರೆಯಲ್ಲಿ ಹರಿದು ಹೋಗುತ್ತಿತ್ತು. ಆಗುಂಬೆಯಲ್ಲಿ ನೀರಿನ ಹನಿ ಮಾಡಿದ ಕೆಲಸವನ್ನೇ ಇಲ್ಲಿ ಬಿರುಕು ಮಾಡುತ್ತಿತ್ತು. ಗಾಡಿಯ ಪುಸ್ತಕದಲ್ಲಿ ಬರೆದ ನಂಬರಿನದೇ ಮೂರು ಹೊಸ ಪ್ಲಗ್ ತಂದಳು, ಐನೂರು ರೂಪಾಯಿಯ ಒಳಗೇ ಆಯಿತು. ಆರೂವರೆ ಸಾವಿರ ಉಳಿದದ್ದು ಸಣ್ಣ ಲಾಭವಲ್ಲ. ಹಾಗೇ ಓಡಿಸಿದ್ದರೆ ಉರಿಯದ ಪೆಟ್ರೋಲು ಸೈಲೆನ್ಸರಿನ ಕೆಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಹೊತ್ತಿ ಅದನ್ನೂ ಸುಡುತ್ತಿತ್ತು. ಅದರ ಬೆಲೆಯ ಮುಂದೆ ಗ್ಯಾರೇಜಿನವರು ಕೇಳಿದ ಏಳು ಸಾವಿರವೂ ಸಣ್ಣದು.

ಇಲ್ಲಿ ನಾವು ಮಾಡಿದ್ದು ಒಂದೇ ಜಾಣತನ: ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ಲಗ್ಗು, ಫಿಲ್ಟರು, ಕಾಯಿಲ್ಲು ಎಲ್ಲ ಒಟ್ಟಿಗೆ ಹೊಸದು ಹಾಕಿದ್ದರೆ ಗಾಡಿ ಸರಿಯಾಗುತ್ತಿತ್ತು, ಆದರೆ ಯಾವುದರಿಂದ ಸರಿಯಾಯಿತು ಅಂತ ಯಾರಿಗೂ ತಿಳಿಯುತ್ತಿರಲಿಲ್ಲ. ಗ್ಯಾರೇಜಿನವನಿಗೆ ಹೊತ್ತಿಲ್ಲ, ಹತ್ತು ಗಾಡಿ ಸಾಲಲ್ಲಿ ನಿಂತಿರುತ್ತವೆ, ಅವನು ಎಲ್ಲವನ್ನೂ ಬದಲಿಸಿ ಕಳಿಸುತ್ತಾನೆ. ಅದು ಅವನ ತಪ್ಪೂ ಅಲ್ಲ. ನಮಗೆ ಒಂದು ಭಾನುವಾರ ಇದೆ. ಅದೇ ನಮ್ಮ ಬಂಡವಾಳ.

ಇನ್ನೊಂದು ದೊಡ್ಡ ಬಂಡವಾಳ ಇದೆ, ಅದನ್ನು ಹೇಳಲೆಂದೇ ಇಷ್ಟೆಲ್ಲ ಮಾತು. ಗ್ಯಾರೇಜಿನವನು ಎಷ್ಟೇ ಜಾಣನಾಗಿರಲಿ, ಗಾಡಿಯನ್ನು ನೋಡುವುದು ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ. ಅವನಿಗೆ ಕಾಣುವುದು ಇವತ್ತಿನ ಗಾಡಿ. ನಿನ್ನೆ ಅದು ಹೇಗೆ ಎದ್ದಿತು, ಹೋದ ವಾರ ನಾಲೂರಿನ ಏರಿನಲ್ಲಿ ಯಾವ ಗೇರಿನಲ್ಲಿ ಹತ್ತಿತು, ಹೋದ ಸಲ ತುಂಬಿಸಿದ ಪೆಟ್ರೋಲು ಎಷ್ಟು ದೂರ ಬಂತು, ಇದೆಲ್ಲ ಗೊತ್ತಿರುವುದು ಯಜಮಾನನಿಗೆ ಮಾತ್ರ. ಕಾಯಿಲೆ ಅಂದರೆ ನಿನ್ನೆಗೂ ಇವತ್ತಿಗೂ ಇರುವ ವ್ಯತ್ಯಾಸ ತಾನೆ? ನಿನ್ನೆಯನ್ನು ಬಲ್ಲವನ ಕೈಯಲ್ಲಿ ಸ್ಪ್ಯಾನರು ಇದ್ದರೆ ಅದಕ್ಕೆ ಬೇರೆಯದೇ ಬಲ. ನನ್ನ ಹತ್ತಿರ ಒಂದು ಹಳೇ ಹಾಜರಿ ಪುಸ್ತಕ ಇದೆ. ಮಕ್ಕಳ ಹೆಸರು ಬರೆಯುವ ಕಡೆ ಒಂದೊಂದು ಕೆಲಸದ ಹೆಸರು: ಪ್ಲಗ್ಗು, ಪಾಯಿಂಟು, ಆಯಿಲ್ಲು, ಗಾಳಿ, ಬೆಲ್ಟು. ಅಡ್ಡ ಮನೆಗಳಲ್ಲಿ ತಾರೀಕು, ಕಿಲೋಮೀಟರು. ಕೊನೆಯ ಮನೆಯಲ್ಲಿ ಟ್ಯಾಂಕು ತುಂಬಿಸಿ ತುಂಬಿಸಿ ತೆಗೆದ ಮೈಲೇಜಿನ ಲೆಕ್ಕ. 17 ಬರುತ್ತಿದ್ದದ್ದು 15ಕ್ಕೆ ಇಳಿದರೆ ಆ ಪುಸ್ತಕವೇ ನನ್ನನ್ನು ಬಾನೆಟ್ಟಿನ ಕಡೆ ಕಳಿಸುತ್ತದೆ.

ಮನೆಯಲ್ಲಿ ಮಾಡಬಾರದ ಕೆಲಸಗಳನ್ನೂ ಹೇಳಿಬಿಡುತ್ತೇನೆ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ನುಗ್ಗಬೇಡಿ. ಜಾಕು ಟೈರು ಬದಲಿಸಲಿಕ್ಕೆ ಮಾತ್ರ. ಕೆಳಗೆ ಹೋಗಲೇಬೇಕಾದರೆ ಗಟ್ಟಿ ನೆಲ, ಗಟ್ಟಿ ಸ್ಟ್ಯಾಂಡು ಬೇಕು. ಬ್ರೇಕಿನ ಪೈಪು, ಏರ್ ಬ್ಯಾಗು, ಎಸಿ ಗ್ಯಾಸು, ಟೈಮಿಂಗ್ ಬೆಲ್ಟು, ಹೈಬ್ರಿಡ್ ಮತ್ತು ಕರೆಂಟ್ ಗಾಡಿಗಳ ಕಿತ್ತಳೆ ಬಣ್ಣದ ಕೇಬಲ್ಲು, ಇವನ್ನು ಓದಿದವರಿಗೆ ಬಿಡಿ. ವಾರಂಟಿ ಇರುವ ಗಾಡಿಯಾದರೆ ಬಿಚ್ಚುವ ಮೊದಲು ವಾರಂಟಿಯ ಷರತ್ತು ಓದಿ. ಇನ್ನು ಆಯಿಲ್ ಬದಲಿಸುವವರಿಗೆ ನನ್ನದೊಂದು ಕೈಮುಗಿದ ಮಾತು. ನಮ್ಮ ಕಡೆ ಹಳೇ ಆಯಿಲನ್ನು ಗೆದ್ದಲು ಹತ್ತದ ಹಾಗೆ ಬೇಲಿಗೂಟಕ್ಕೆ ಬಳಿಯುವ ರೂಢಿ ಇತ್ತು. ನಾನೂ ಬಳಿದವನೇ. ಆದರೆ ಮಳೆಗಾಲದಲ್ಲಿ ಅದು ಗೂಟದ ಮೇಲೆ ನಿಲ್ಲುವುದಿಲ್ಲ. ಮಣ್ಣಿಗೆ ಇಳಿಯುತ್ತದೆ, ಮಣ್ಣಿನಿಂದ ಬಾವಿಗೆ, ಚರಂಡಿಯಿಂದ ತುಂಗೆಗೆ. ಕ್ಯಾನಿನಲ್ಲಿ ತುಂಬಿಸಿ, ಹಳೇ ಆಯಿಲ್ ಕೊಳ್ಳುವ ಗ್ಯಾರೇಜಿಗೆ ಕೊಟ್ಟುಬಿಡಿ. ಅಷ್ಟು ಮಾಡಲಾಗದಿದ್ದರೆ ಆಯಿಲ್ ಬದಲಿಸುವ ಕೆಲಸವನ್ನು ಮನೆಯಲ್ಲಿ ಮಾಡಬೇಡಿ.

ಗಾಡಿ ನಮ್ಮದಾದ ಮೇಲೆ ಅದನ್ನು ಬಿಚ್ಚಿ ನೋಡುವ ಹಕ್ಕು ನಮ್ಮದು ಅನ್ನುವುದು ಬರೀ ನನ್ನ ಹಟವಲ್ಲ. ಬಿಡಿಭಾಗಗಳನ್ನೂ ರಿಪೇರಿಯ ಮಾಹಿತಿಯನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ ಭಾರತದ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಕಂಪನಿಗಳು ಮೇಲ್ಮನವಿಗೆ ಹೋದವು. 2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿಗೆಂದೇ ಒಂದು ಪೋರ್ಟಲ್ ತೆರೆಯಿತು. ಅದರಲ್ಲಿ ಆಯ್ದುಕೊಂಡ ನಾಲ್ಕು ಕ್ಷೇತ್ರಗಳಲ್ಲಿ ವಾಹನವೂ ಒಂದು. ಈ ಹಕ್ಕು ಕಾಗದದಲ್ಲಿದ್ದರೆ ಸಾಲದು. ಬಾನೆಟ್ಟಿನ ಲಾಚು ಎಲ್ಲಿದೆ ಅಂತ ಗೊತ್ತಿಲ್ಲದವನಿಗೆ ಆ ಹಕ್ಕಿನಿಂದ ಏನು ಬಂತು?

ಮೆಕ್ಯಾನಿಕ್ಕುಗಳ ಅನ್ನಕ್ಕೆ ಕಲ್ಲು ಹಾಕುವ ಮಾತಿದು ಅಂದುಕೊಳ್ಳಬೇಡಿ. ವಾಲ್ವ್ ಸೆಟ್ಟಿಂಗಿಗೆ, ಕ್ಲಚ್ಚಿಗೆ, ಬ್ರೇಕಿಗೆ ನಾನು ಇಪ್ಪತ್ತೈದು ವರ್ಷದಿಂದ ಒಬ್ಬ ಮೆಕ್ಯಾನಿಕ್ಕಿನ ಹತ್ತಿರವೇ ಹೋಗುತ್ತಿದ್ದೇನೆ. ಗಾಡಿಯ ಆರ್‌ಸಿಯ 15 ವರ್ಷ ಮುಗಿದು, ಐದೈದು ವರ್ಷಕ್ಕೆ ರಿನ್ಯೂ ಮಾಡಿಸುವ ಕಾಲ ಬಂದ ಮೇಲೂ ಅದು ಪ್ರತಿ ಸಲ ಪಾಸಾಗಿದ್ದು ಅವನ ಕೈಗುಣದಿಂದ. ಹೋಗುವಾಗ ಹಾಜರಿ ಪುಸ್ತಕ ಹಿಡಿದುಕೊಂಡೇ ಹೋಗುತ್ತೇನೆ. "ಬೆಳಿಗ್ಗೆ ತಣ್ಣಗಿದ್ದಾಗ ಟಿಕ್ ಟಿಕ್ ಅನ್ನುತ್ತೆ, ಬಿಸಿಯಾದ ಮೇಲೆ ನಿಲ್ಲುತ್ತೆ, ಹದಿನೈದು ದಿನದಿಂದ ಶುರು" ಅಂತ ಹೇಳಿದರೆ ಅವನ ಅರ್ಧ ಕೆಲಸ ಮುಗಿದ ಹಾಗೆ. "ನಿಮ್ ಥರ ಹೇಳೋರು ಬಂದ್ರೆ ನಮಗೂ ಕೆಲ್ಸ ಮಾಡಕ್ಕೆ ಖುಷಿ ಸಾರ್" ಅನ್ನುತ್ತಾನೆ. "ಏನೋ ಸೌಂಡ್ ಬರ್ತಿದೆ ನೋಡಿ" ಅನ್ನುವ ಗಿರಾಕಿಗೆ ಅವನು ತಾನೇ ಏನು ಮಾಡಿಯಾನು? ಕಂಡದ್ದನ್ನೆಲ್ಲ ಬದಲಿಸಬೇಕು, ಇಲ್ಲ ಸುಮ್ಮನೆ ಕಳಿಸಬೇಕು.

ಮೊನ್ನೆ ಬೆಳಿಗ್ಗೆ ಎಂದಿನಂತೆ ಹೂ ಕೊಯ್ಯುತ್ತಿದ್ದೆ. ಆಚೆ ಕಡೆ ಕಾರು ಎದ್ದಿತು. ನನ್ನ ಕಿವಿಗೆ ಎಲ್ಲ ಸರಿಯಾಗಿಯೇ ಕೇಳಿಸಿತು. ಆದರೆ ಗಾಡಿ ಹೊರಡಲಿಲ್ಲ. ಹುಡುಗಿ ಎಂಜಿನ್ನು ನಿಲ್ಲಿಸಿದಳು, ತಿರುಗಿ ಸ್ಟಾರ್ಟ್ ಮಾಡಿದಳು, ಇಳಿದು ಬಂದು ಬಾನೆಟ್ಟಿನ ಹತ್ತಿರ ತಲೆ ಬಗ್ಗಿಸಿ ನಿಂತಳು. ಆಮೇಲೆ ಬೇಲಿಯ ಹತ್ತಿರ ಬಂದಳು. ಕೈಯಲ್ಲಿ ಬ್ಯಾಂಕಿನ ಡೈರಿ, ಅದರಲ್ಲಿ ಗೆರೆ ಹಾಕಿದ ಮನೆಗಳು.

"ಮೇಷ್ಟ್ರೇ, ಸೆಲ್ಫ್ ಹೊಡೆದ್ರೆ ಅರ್ಧ ಸೆಕೆಂಡ್ ತಡ ಮಾಡಿ ತಿರುಗ್ತಾ ಇದೆ. ಬ್ಯಾಟರಿ ಟರ್ಮಿನಲ್ ನೋಡ್ಲಾ?"

"ನಂಗೇನೂ ಗೊತ್ತಾಗ್ಲಿಲ್ಲವಲ್ಲೇ," ಅಂದೆ.

"ಇಲ್ಲ ಮೇಷ್ಟ್ರೇ. ನಿನ್ನೆ ಹೀಗಿರಲಿಲ್ಲ."

ನಾನು ಹೂವಿನ ಬುಟ್ಟಿ ಕಟ್ಟೆಯ ಮೇಲಿಟ್ಟು ಬಿಸಿನೀರು ತರಲು ಒಳಗೆ ಹೋದೆ.